ಅತ್ತೆಯ ಬೆಕ್ಕು ಮತ್ತು ಹೊಲಿಗೆ ಮಷೀನು

ದಾಸನಕೊಪ್ಪದಲ್ಲಿ ನಿಮ್ಮ ರವಿಕೆ ಯಾವಾಗ ಕೈಗೆ ಸಿಗಬೇಕೆಂದು ತೀರ್ಮಾನಿಸುವವಳು ನನ್ನ ಸೋದರತ್ತೆಯಲ್ಲ, ಆಕೆಯ ಬೆಕ್ಕು! ಅತ್ತೆ ಬರೀ ಹೊಲಿಯುವವಳು. ಆ ಬಿಳಿ ಬೆಕ್ಕು ಯಾರ ಬಟ್ಟೆಯ ಮೇಲೆ ಮಲಗುತ್ತದೋ ಅವರ ಕೆಲಸ ಅಲ್ಲಿಗೆ ನಿಂತಂತೆ. "ಅದು ಎದ್ದಮ್ಯಾಲೆ ಬರ್ರಿ" ಎಂದು ಗಿರಾಕಿಗಳನ್ನು ವಾಪಸು ಕಳಿಸುತ್ತಾಳೆ. ಮದುವೆಯ ಹಿಂದಿನ ದಿನ ಮದುಮಗಳೊಬ್ಬಳು ರವಿಕೆಗೆಂದು ಬಂದು, ಮಲಗಿದ ಬೆಕ್ಕಿನ ಮುಂದೆ ಕೈಕಟ್ಟಿ ಕುಳಿತದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಅತ್ತೆ ಅವಳಿಗೆ ಚಹಾ ಕೊಟ್ಟಳು. ರವಿಕೆ ಕೊಡಲಿಲ್ಲ.

ಬೆಕ್ಕು ಏನು ಮಾಡಿದರೂ ಅತ್ತೆಯ ಬಳಿ ಅದಕ್ಕೊಂದು ಅರ್ಥವಿತ್ತು. ಕುಕ್ಕರ್ ಕೂಗಿದರೂ ಅದು ಕಣ್ಣು ಬಿಡದು. "ಹುಲಿ ಅದು, ಕುಕ್ಕರಿಗೆ ಅಂಜತೈತೇನು?" ಕರೆದರೆ ತಿರುಗಿಯೂ ನೋಡದು. "ಮರ್ಯಾದಿಸ್ತ ಐತಿ, ಕರೆದಲ್ಲೆಲ್ಲಾ ಹೋಗಂಗಿಲ್ಲ." ಊರಿಗೇ ಕೇಳುವಂತೆ ಅರಚಿದರೆ? "ಭಜನಿ ಮಾಡಾಕ ಹತ್ತೈತಿ." ಒಂದು ದೀಪಾವಳಿಗೆ ಪಟಾಕಿ ಸರ ಪಕ್ಕದಲ್ಲೇ ಸಿಡಿದಾಗಲೂ ಬೆಕ್ಕು ಮೀಸೆ ಅಲ್ಲಾಡಿಸಲಿಲ್ಲ. ನಾನು ಹೌಹಾರಿ ಕಟ್ಟೆಯಿಂದ ಕೆಳಗೆ ಬಿದ್ದೆ. ಆ ವರ್ಷವಿಡೀ ಅತ್ತೆ ಬೆಕ್ಕನ್ನು ತೋರಿಸಿ ತೋರಿಸಿ ನನ್ನ ಮಾನ ಕಳೆದಳು.

ಅತ್ತೆಗೆ ಮೊಣಕಾಲು ನೋವು. ಹೋದ ವರ್ಷ ನಾನು ಶಿರಸಿಯಿಂದ ಮೋಟಾರು ತಂದು ಆಕೆಯ ಹೊಲಿಗೆ ಮಷೀನಿಗೆ ಕೂರಿಸಿಕೊಟ್ಟೆ. ಇನ್ನು ಪೆಡಲು ತುಳಿಯುವ ಕಷ್ಟವಿಲ್ಲ ಎಂದು ಬೀಗಿದೆ. ನಾಲ್ಕನೆಯ ದಿನ ಫೋನು ಬಂತು.

"ಬೆಕ್ಕು ಊಟಾ ಬಿಟ್ಟೈತಿ. ಮನಿ ತುಂಬಾ ಒದರಿಕೋತ ತಿರಗತೈತಿ. ಎಲ್ಲಾ ನಿನ್ನ ಮೋಟಾರಿಂದನ ಆಗಿದ್ದು."

ಮೋಟಾರಿಗೂ ಬೆಕ್ಕಿನ ಹೊಟ್ಟೆಗೂ ಎಲ್ಲಿಯ ಸಂಬಂಧ? ಹೋಗಿ ನೋಡಿದರೆ ಬೆಕ್ಕು ಸೊರಗಿ ಅರ್ಧವಾಗಿತ್ತು. ಅತ್ತೆ ಆಗಲೇ ದೃಷ್ಟಿ ತೆಗೆದಾಗಿತ್ತು. ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಇಬ್ಬರೂ ದನದ ಡಾಕ್ಟರ ಬಳಿ ಹೋದೆವು. ಅವರು ಅದರ ಬೆನ್ನ ಹಿಂದೆ ಎರಡು ಸಲ ಚಪ್ಪಾಳೆ ತಟ್ಟಿ ನೋಡಿ, "ಇದಕ್ಕ ಹುಟ್ಟಾ ಕಿವಿ ಕೇಳಂಗಿಲ್ಲವ್ವಾ" ಎಂದರು.

"ಮೆಲ್ಲಕ ಹೇಳ್ರಿ, ಅದರ ಮುಂದ ಅನಬ್ಯಾಡ್ರಿ" ಎಂದಳು ಅತ್ತೆ.

ಅತ್ತೆ ಮನೆಗೆ ಬಂದವಳೇ ಮಷೀನಿನ ಮುಂದೆ ಕುಳಿತು, ಬೆಲ್ಟು ಕಳಚಿದ್ದ ಹಳೆಯ ಪೆಡಲನ್ನು ಸುಮ್ಮನೆ ತುಳಿಯತೊಡಗಿದಳು. ಬಟ್ಟೆಯಿಲ್ಲ, ದಾರವಿಲ್ಲ. ನೆಲ ಸಣ್ಣಗೆ ನಡುಗಿತು. ಅಡುಗೆಮನೆಯಲ್ಲಿ ಅರಚುತ್ತಿದ್ದ ಬೆಕ್ಕು ಸುಮ್ಮನಾಗಿ ಬಂದು, ಪೆಡಲಿನ ಪಕ್ಕ ಹೊಟ್ಟೆಯೂರಿ ಕುಳಿತು, ತಟ್ಟೆಯಲ್ಲಿದ್ದ ಹಾಲು ಅನ್ನವನ್ನು ತಿಂದಿತು. ಅತ್ತೆ ಮನೆಯಲ್ಲೇ ಇದ್ದಾಳೆಂದು ಅದಕ್ಕೆ ಇಷ್ಟು ದಿನ ತಿಳಿಯುತ್ತಿದ್ದದ್ದು ಆ ನಡುಕದಿಂದ. ನಾನು ಮೋಟಾರು ಕೂರಿಸಿ ಅದನ್ನೇ ನಿಲ್ಲಿಸಿಬಿಟ್ಟಿದ್ದೆ!

ಈಗ ಹೊಲಿಗೆ ಮೋಟಾರಿನಲ್ಲಿ, ಬೆಕ್ಕಿನ ಎರಡು ಹೊತ್ತಿನ ಊಟ ಪೆಡಲಿನಲ್ಲಿ. ಹೋದ ವಾರ ಅತ್ತೆ ಮೊಣಕಾಲು ಹಿಡಿದುಕೊಂಡು ತುಳಿಯುವುದನ್ನು ನೋಡಲಾಗಲಿಲ್ಲ. "ಏಳತ್ತಿ, ನಾ ತುಳೀತೀನಿ" ಎಂದು ಆಕೆಯನ್ನು ಎಬ್ಬಿಸಿ ನಾನು ಕುಳಿತೆ. ಬೆಕ್ಕು ಬಂತು. ನನ್ನ ಕಾಲು ಮೂಸಿತು. ತಟ್ಟೆಯ ಕಡೆ ನೋಡದೆ, ಹೋಗಿ ಅತ್ತೆಯ ಪಾದದ ಮೇಲೆ ಕುಳಿತು ಮತ್ತೆ ಅರಚಿತು.

"ಅದಕ್ಕ ಗೊತ್ತಾಗತೈತಿ" ಎಂದಳು ಅತ್ತೆ. ಕಣ್ಣು ತುಂಬಿತ್ತು. "ನನ್ನ ಕಾಲಿನ ಸಪ್ಪಳಾ ಇಷ್ಟು ಕಾದು ಕೇಳಿದವರು ಬ್ಯಾರೆ ಯಾರದಾರ, ಹೇಳು."

ನಾನು ಎದ್ದು ಜಾಗ ಬಿಟ್ಟುಕೊಟ್ಟೆ.