ಗಜೇಂದ್ರಗಡಕ್ಕೆ ಬರ್ಫ ಬಂದದ್ದು

ಗಾಬರಿಯಾಗುವ ಸಂಗತಿಗಳು ನನ್ನ ಮನೆಯನ್ನೇ ಕೇಳಿಕೊಂಡು ಬರುತ್ತಿದ್ದವೋ ಏನೋ! ಆಗಿನ್ನೂ ಕಂಪನಿ ಸರಕಾರ. ನಮ್ಮ ಕಡೆ ರೈಲಿಲ್ಲ. ಮುಂಬಯಿಯಲ್ಲಿ ಕಾಲೇಜು ಓದಿ ಬಂದ ನನ್ನನ್ನು ಗಜೇಂದ್ರಗಡದ ಸಾಹುಕಾರರೊಬ್ಬರು ಕಾರಕೂನನಾಗಿ ಇಟ್ಟುಕೊಂಡರು. ಪರದೇಶದಿಂದ ಹಡಗಿನಲ್ಲಿ ಬರುವ ಬರ್ಫವನ್ನು, ಅಂದರೆ ಮಂಜುಗಡ್ಡೆಯನ್ನು, ಕರಗದಂತೆ ಕಾಯುವ ಪೆಟ್ಟಿಗೆಗಳ ಕಾರ್ಖಾನೆ ಅವರದು. ಹೊರಗೆ ಸಾಗವಾನಿ, ಒಳಗೆ ತಗಡು, ನಡುವೆ ನಮ್ಮ ನೆಲದ ಹತ್ತಿ. ಅವರ ಅಣ್ಣ ಮಾತ್ರ ಕಡ್ಡಿ ಮುರಿದಂತೆ ಹೇಳಿದ್ದರು: "ನಿನ್ನ ಮಗಳ ಮದುವ್ಯಾಗ ಹಿರ್ಯಾರು ಬರ್ಫ ತಿಂದ್ರ ಕಾರ್ಖಾನಿ ಇರ್ಲಿ. ಇಲ್ಲಾಂದ್ರ ಆ ಕಟಗಿ ಎಲ್ಲಾ ಚಕ್ಕಡಿ ಮಾಡಾಕ!"

ಬಡಿಗನ ಕೌದಿ

ಕಾರ್ಖಾನೆಯ ಬಡಿಗ ಕೇಳಿದ: "ನೀವು ಕಲತವ್ರು, ಹೇಳ್ರಿ. ಹತ್ತಿ ಹೊತಗೊಂಡ್ರ ಬೆಚ್ಚಗ ಆಗ್ತೈತಿ. ಬರ್ಫಕ್ಕ ಹತ್ತಿ ಯಾಕ? ಬೇಯಸಾಕೇನು?"

ಹೊರಗಿನ ಕಾವನ್ನು ಹತ್ತಿ ಒಳಗೆ ಬಿಡುವುದಿಲ್ಲವೆಂದು ನಾನು ತಾಸುಗಟ್ಟಲೆ ಹೇಳಿದೆ. ಚಲೋತ್ನಾಗಿ ತಲೆಯಾಡಿಸಿದ. ಮರುದಿನ ಸುಡುವ ಮಧ್ಯಾಹ್ನ ನೋಡುತ್ತೇನೆ, ಎರಡು ಕೌದಿ ಹೊದ್ದು ಕಟ್ಟಿಗೆ ಹೆರೆಯುತ್ತಿದ್ದಾನೆ! ಬೆವರು ಧಾರಾಕಾರ.

"ನಿಮ್ಮ ಶಾಸ್ತ್ರ ಬರ್ಫಕ್ಕ ಅಷ್ಟ ಚಲೋ ಐತ್ರಿ," ಎಂದು ಮೂಲೆಗೆ ಕುಸಿದ.

ಹೊಳೆಆಲೂರಿನ ಕೊಡ

ಕುಮಟಾ ಬಂದರದಿಂದ ಬರ್ಫ ತುಂಬಿದ ಮೊದಲ ಪೆಟ್ಟಿಗೆ ಹೊರಟಿತು. ಎದುರುಗೊಳ್ಳಲು ಹೊಳೆಆಲೂರಿಗೆ ಹೋದರೆ, ಚಕ್ಕಡಿಯವನು ಮಲಪ್ರಭೆಯ ದಂಡೆಯಲ್ಲಿ ಮುಚ್ಚಳ ತೆಗೆದು, ಕೊಡ ಎತ್ತಿ ನಿಂತಿದ್ದಾನೆ!

"ಏ, ಏನ್ ಮಾಡಾಕತ್ತೀಯೋ?"

"ಹಾದೀಲೆಲ್ಲಾ ನೀರು ಸೋರೇತ್ರಿ. ನಾ ಕದ್ದೆ ಅಂತೀರಿ ಅಂತ ಭರ್ತಿ ಮಾಡಾಕತ್ತೇನಿ. ಇನ್ನೊಂದು ಕೊಡ ಹಾಕಿದ್ರ ಮೊದಲಿನಷ್ಟಾಕ್ಕೈತಿ!"

ಬರ್ಫ ಉಳಿದದ್ದು ಕುಂಬಳಕಾಯಿಯಷ್ಟು. ಅವನ ಪ್ರಾಮಾಣಿಕತೆಯ ಕೈಯಿಂದ ಅದನ್ನಾದರೂ ಪಾರುಮಾಡಿ ತಂದೆ.

ಶಾಸ್ತ್ರಿಗಳ ತೀರ್ಪು

ಮದುವೆಗೆ ರೋಣ, ನರಗುಂದದ ಹಿರಿಯರೆಲ್ಲ ಬಂದಿದ್ದರು. ಒಬ್ಬರು ಬರ್ಫ ಮುಟ್ಟಿ, "ಅಯ್ಯಯ್ಯೋ, ಸುಡತೈತಿ!" ಎಂದು ಹಾರಿದರು. "ಯಾರ್ ಯಾರು ಮುಟ್ಟಿದ ನೀರೋ!" ಎಂದು ಇನ್ನೊಬ್ಬರು ಹಿಂದೆ ಸರಿದರು. ಅಣ್ಣ ಆಗಲೇ ಚಕ್ಕಡಿಯ ಕನಸಿನಲ್ಲಿದ್ದರು. ಸಾಹುಕಾರರ ಮುಖ ಬಾಡಿತು.

ಎಲ್ಲರೂ ಮದುವೆ ಮಾಡಿಸಲು ಬಂದಿದ್ದ ಶಾಸ್ತ್ರಿಗಳತ್ತ ನೋಡಿದರು. ಶಾಸ್ತ್ರಿಗಳು ಶಲ್ಯದಿಂದ ಬೆವರೊರೆಸಿಕೊಂಡು, ಬರ್ಫವನ್ನು ಬೆರಳಿನಿಂದ ಬಡಿದು ನೋಡಿದರು.

"ಇದು ಈಗ ಕಲ್ಲದ. ಕಲ್ಲಿಗೆ ಎಲ್ಲೀ ಮೈಲಿಗಿ? ಆದ್ರ ಕರಗಿ ನೀರಾತೋ, ಯಾರೂ ಮುಟ್ಟಬಾರ್ದು!"

ಏನು ಹೇಳಲಿ! ನೀರಾಗುವುದರೊಳಗೆ ತಿನ್ನಬೇಕೆಂದು ರುಮಾಲು ಸುತ್ತಿದ ತಲೆಗಳೆಲ್ಲ ಒಮ್ಮೆಗೇ ಬಾಗಿದವು. "ಲಗೂ ಲಗೂ!" ಎಂದು ಕಟಕಟ ಕಡಿದರು. ಎಲ್ಲರಿಗಿಂತ ದೊಡ್ಡ ತುಂಡು ಶಾಸ್ತ್ರಿಗಳ ದವಡೆಯಲ್ಲಿ.

ಆಗ ಅಣ್ಣ ಕೂಗಿದರು: "ಶಾಸ್ತ್ರಿಗಳ, ಬಾಯಾಗ ಕರಗಿ ನೀರಾತಲ್ರಿ!"

ಚಪ್ಪರದಲ್ಲಿ ಎಲ್ಲರ ಬಾಯಿ ತುಂಬ ನೀರು. ಅಕ್ಷತೆಯ ಮುಂದೆ ಉಗುಳುವಂತಿಲ್ಲ, ನುಂಗುವಂತಿಲ್ಲ. ಉಬ್ಬಿದ ಕೆನ್ನೆಗಳು ಶಾಸ್ತ್ರಿಗಳತ್ತ ತಿರುಗಿದವು.

ಶಾಸ್ತ್ರಿಗಳು ಕಣ್ಣು ಮುಚ್ಚಿ, ಗುಟುಕ್ಕೆಂದು ನುಂಗಿದರು. "ನನ್ನ ಬಾಯಾಗ ಹುಟ್ಟಿದ ನೀರು ನನ್ನದ!"

ಊರೆಲ್ಲ ಒಟ್ಟಿಗೆ ನುಂಗಿದ ಸಪ್ಪಳ ಕೋಟೆಯವರೆಗೂ ಕೇಳಿಸಿರಬೇಕು. ಶಾಸ್ತ್ರಿಗಳು ಸಾಹುಕಾರರ ಕಿವಿಯ ಹತ್ತಿರ ಬಗ್ಗಿದರು:

"ವಿಷಯ ಭಾಳ ಸೂಕ್ಷ್ಮದ. ನಮ್ಮ ಮನಿಗೊಂದು ಪೆಟ್ಟಿಗಿ ಕಳಸ್ರಿ. ತುಂಬಿಸಿ ಕಳಸ್ರಿ, ಇನ್ನೂ ವಿಚಾರ ಮಾಡೋದದ."