ಹೊನ್ನಮ್ಮನವರ ಹೆಸರು ಹಿಡಿಸದ ಕಂಪ್ಯೂಟರ್

ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವನಿಗೆ ವೈರಸ್ಸಿಗಿಂತ ಮನುಷ್ಯರೇ ಹೆಚ್ಚು ಕೆಲಸ ಕೊಡುತ್ತಾರೆ. ಕಡೂರಿನ ನಮ್ಮ ಕಾಲೇಜಿಗೆ ಹೊಸ ಕಂಪ್ಯೂಟರ್ ಬಂದ ವಾರ ನೋಡಿ. ಮಕ್ಕಳು ಬರೆದ ಪ್ರೋಗ್ರಾಂ ಓಡಬೇಕಾದರೆ ಕಂಪೈಲರ್ ಬೇಕು. ಅದು ಒಂದರಲ್ಲೂ ಇನ್‌ಸ್ಟಾಲ್ ಆಗಲಿಲ್ಲ. ಸೋಮವಾರ ಪ್ರಾಕ್ಟಿಕಲ್ ಪರೀಕ್ಷೆ. ಅಷ್ಟರಲ್ಲಿ ಆಗದಿದ್ದರೆ ಮಕ್ಕಳೆಲ್ಲ ಬಸ್ ಹತ್ತಿ ತರೀಕೆರೆಗೆ ಹೋಗಿ ಪರೀಕ್ಷೆ ಬರೆಯಬೇಕು. ನಾನಿರುವಾಗ ಅದು ಆಗಕೂಡದು ಎಂದು ಹಟ ಹಿಡಿದೆ.

೧. ಪೂರ್ತಿ ವಿಳಾಸ

ಇನ್‌ಸ್ಟಾಲ್ ಅರ್ಧಕ್ಕೆ ಬಂದು ನಿಲ್ಲುತ್ತಿತ್ತು. ಫೈಲಿನ ಹೆಸರು ತೀರಾ ಉದ್ದವಾಯಿತು ಎಂದು ಅದರ ದೂರು. ಫೈಲು ಕೂತ ಫೋಲ್ಡರುಗಳ ಹೆಸರೆಲ್ಲ ಆ ಲೆಕ್ಕಕ್ಕೇ ಸೇರುತ್ತವೆ. ಫೋಲ್ಡರ್ ಮಾಡಿದವರು ನಮ್ಮ ಗುಮಾಸ್ತರು, ಮೊದಲು ತಾಲ್ಲೂಕು ಕಚೇರಿಯಲ್ಲಿ ಇದ್ದವರು. ರಾಜ್ಯದೊಳಗೆ ಜಿಲ್ಲೆ, ಜಿಲ್ಲೆಯೊಳಗೆ ತಾಲ್ಲೂಕು, ಆಮೇಲೆ ಹೋಬಳಿ, ಕಾಲೇಜು, ವಿಭಾಗ. ಕೊನೆಗೆ ಪಿನ್ ಕೋಡ್.

“ಇಷ್ಟೆಲ್ಲ ಯಾಕೆ ಸ್ವಾಮಿ?” ಎಂದೆ.

“ಏನ್ ಸಾರ್ ನೀವು, ಫೈಲು ಕಳ್ದೋದ್ರೆ ಯಾರಾದ್ರೂ ತಂದ್ಕೊಡೋದು ಬ್ಯಾಡ್ವಾ?”

೨. ಅಜ್ಜಂಪುರದ ಸಲಹೆ

ಗುಮಾಸ್ತರನ್ನು ಒಪ್ಪಿಸಿ ಜಿಲ್ಲೆ, ತಾಲ್ಲೂಕು, ಹೋಬಳಿ ಎಲ್ಲ ಕಿತ್ತುಹಾಕಿದೆ. ಆದರೂ ಅದೇ ದೂರು. ಕಂಪ್ಯೂಟರ್ ಮಾರಿದ ಅಜ್ಜಂಪುರದ ಅಂಗಡಿಯವನಿಗೆ ಫೋನ್ ಮಾಡಿದೆ.

“ಹೆಸ್ರು ಉದ್ದ ಆಯ್ತು ಅಂತ ಬತ್ತದಾ? ಅದ್ಕ್ಯಾಕ್ ತಲೆ ಕೆಡಿಸ್ಕೊಂತೀರಾ ಸಾರ್, ಅಗ್ಲದ ಮಾನಿಟರ್ ಕಳಿಸ್ತೀನಿ ತಗಳಿ!”

೩. ಅವ್ವನ ಹೆಸರು

ಉಳಿದದ್ದು ಎಲ್ಲಕ್ಕಿಂತ ಮೇಲಿನ ಫೋಲ್ಡರ್. ಕಂಪ್ಯೂಟರ್ ದಾನ ಮಾಡಿದ ಪಂಚನಹಳ್ಳಿಯ ಕೊಬ್ಬರಿ ವ್ಯಾಪಾರಿಗಳ ಹೆಸರು, ಅವರ ತಂದೆಯ ಹೆಸರು, ಮನೆತನ, ಊರು, ‘ಮಾತೃಶ್ರೀ ಹೊನ್ನಮ್ಮನವರ ಜ್ಞಾಪಕಾರ್ಥ’ ಎಲ್ಲ ಅದರಲ್ಲೇ. ಹಾಗೆ ಬರೆಸಬೇಕೆಂಬುದು ಅವರ ಷರತ್ತು. ಅದನ್ನು ಮುಟ್ಟಲು ಗುಮಾಸ್ತರಿಗೆ ಧೈರ್ಯವಿಲ್ಲ. ನಾನೇ ಬೈಕ್ ಹತ್ತಿ ಪಂಚನಹಳ್ಳಿಗೆ ಹೋದೆ.

ವ್ಯಾಪಾರಿ ಯಜಮಾನರು ಎಲ್ಲ ಕೇಳಿಸಿಕೊಂಡರು. “ನನ್ ಹೆಸ್ರು ತೆಗ್ದಾಕಿ ಮೇಷ್ಟ್ರೇ. ಅಪ್ಪಂದೂ ತೆಗೀರಿ. ಅವ್ವಂದೊಂದು ಇರ್ಲಿ. ಪಾಪ, ಜೀವಮಾನವೆಲ್ಲ ಹೆಬ್ಬೆಟ್ಟು ಒತ್ತಿದೋಳು, ಎಲ್ಲೂ ಹೆಸ್ರು ಬರೀಲಿಲ್ಲ.”

ಬರೀ ‘ಹೊನ್ನಮ್ಮ’ ಎಂದು ಇಟ್ಟೆ. ಭಾನುವಾರ ಸಂಜೆಯೊಳಗೆ ಎಲ್ಲ ಕಂಪ್ಯೂಟರಿನಲ್ಲೂ ಕಂಪೈಲರ್ ಕೂತಿತು.

ಸೋಮವಾರ ಪ್ರಿನ್ಸಿಪಾಲರ ಜೊತೆ ಯಜಮಾನರೂ ಲ್ಯಾಬಿಗೆ ಬಂದರು. ಯಾವುದಾದರೂ ಹೆಸರನ್ನು ಐದು ಸಲ ಪರದೆಯ ಮೇಲೆ ತರಬೇಕು, ಇದು ಒಬ್ಬ ಹುಡುಗಿಗೆ ಬಂದ ಪ್ರಶ್ನೆ. ಅವಳು ಫೋಲ್ಡರಿನ ಹೆಸರನ್ನೇ ಹಾಕಿದ್ದಳು. ಎಲ್ಲಿ ನಿಲ್ಲಬೇಕೆಂದು ಬರೆಯುವುದನ್ನು ಮಾತ್ರ ಮರೆತಿದ್ದಳು. ಹೊನ್ನಮ್ಮ, ಹೊನ್ನಮ್ಮ, ಹೊನ್ನಮ್ಮ ಎಂದು ಸಾಲು ಸಾಲಾಗಿ ಓಡತೊಡಗಿತು.

“ತಪ್ಪು. ನಿಲ್ಲಿಸಮ್ಮ,” ಎಂದು ಪರೀಕ್ಷಕರು ಹುಬ್ಬು ಗಂಟಿಕ್ಕಿದರು.

ಯಜಮಾನರು ಕೈಮುಗಿದು ಅಡ್ಡ ನಿಂತರು. “ನಿಲ್ಲಿಸ್ಬ್ಯಾಡಿ ಸಾರ್! ಆ ಮಗೀಗೆ ಪೂರ್ತಿ ನಂಬರ್ ಕೊಡಿ. ಇದೊಂದ್ ಕಂಪ್ಯೂಟರ್ ಹಿಂಗೇ ಓಡ್ತಾ ಇರ್ಲಿ, ನಾನ್ ಮನೆಗ್ ತಗೊಂಡೋಯ್ತೀನಿ!”