ಒಂದು ವರ್ಷದ ಟೋಕನ್

ಪ್ರಭುದೇವನಿಗೆ ಚೆನ್ನೈಯಲ್ಲಿ ಮಾತಾಡಲು ಯಾರೂ ಇರಲಿಲ್ಲ. ಪೋರೂರಿನ ಪಿ.ಜಿ.ಯಲ್ಲಿ ಜೊತೆಗಿದ್ದವನು ರಾತ್ರಿ ಪಾಳಿಯವನು. ಇವನು ಕೋಣೆಗೆ ಬರುವ ಹೊತ್ತಿಗೆ ಅವನ ಲುಂಗಿ ಮಾತ್ರ ಇರುತ್ತಿತ್ತು. ಆಫೀಸಿನ ಊಟದ ಮೇಜಿನಲ್ಲಿ ಎಲ್ಲ ತಮಿಳು. ಎಲ್ಲರೂ ನಕ್ಕಾಗ ಇವನೂ ನಗುತ್ತಿದ್ದ, ಮಿಂಚಿನ ಹಿಂದೆ ಬರುವ ಗುಡುಗಿನ ಹಾಗೆ ಸ್ವಲ್ಪ ತಡವಾಗಿ.

ಇದ್ದದ್ದು ಒಂದೇ ಆಸರೆ. ಕಪ್ಪು ಪರದೆಯಲ್ಲಿ ಕಮಾಂಡ್ ಟೈಪ್ ಮಾಡಿ ನಡೆಸುವ ಅವನ ಟೂಲ್‌ನ ಒಳಗೆ ಬಿಡುವ ಟೋಕನ್ ದಿನಾ ಬೆಳಿಗ್ಗೆ ಮುಗಿಯುತ್ತಿತ್ತು. ಹೊಸದು ಬೇಕಾದರೆ ಪರದೆಯಲ್ಲಿ ಬಂದ ಸಂಖ್ಯೆಯನ್ನು ಸಹೋದ್ಯೋಗಿಯೊಬ್ಬರು ತಮ್ಮ ಫೋನಿನಲ್ಲಿ ಒತ್ತಬೇಕು, ಕಂಪನಿಯ ನಿಯಮ. ಅವನ ಪಾಲಿಗೆ ಬಂದವಳು ಪಕ್ಕದ ಸಾಲಿನ ಸಂಹಿತಾ. ಮೂರು ತಲೆಮಾರಿನಿಂದ ಮದರಾಸಿನವರು, ಮನೆಮಾತು ಕನ್ನಡ. "ಏನ್ ಪ್ರಭು, ಸಾಪ್ಟಾಚಾ? ಇಡ್ಲಿನಾ, ಪೊಂಗಲಾ?" ಎನ್ನುತ್ತ ಒತ್ತುತ್ತಿದ್ದಳು. ಆ ಒಂದು ನಿಮಿಷದ ಮೇಲೆ ಅವನ ಇಡೀ ದಿನ ನಿಂತಿತ್ತು.

ಸೋಮವಾರ ಅವನಿಗೆ ದುರಾಸೆಯಾಯಿತು. ಬೆಳಗಿನ ನಿಮಿಷ ಮುಗಿದ ಮೇಲೆ ತಾನೇ ಲಾಗ್‌ಔಟ್ ಹೊಡೆದು ಟೋಕನ್ ಕಳೆದು, ಮುಖ ಸಪ್ಪಗೆ ಮಾಡಿಕೊಂಡು ಅವಳ ಬಳಿ ಹೋದ.

"ಮತ್ತ ಹೋಗ್ಯದ ನೋಡ್ರಿ."

"ಮತ್ತೆಯಾ? ತೋರ್ಸಿ."

ಮಾತು ಊಟದ ಡಬ್ಬಿಯವರೆಗೆ ಬೆಳೆಯಿತು. ಊಟವಾದ ಮೇಲೆ ಟೋಕನ್ ಮತ್ತೆ ಹೋಯಿತು. ಅವಳ ಅಣ್ಣನ ಮದುವೆಯ ವಿಷಯ ಬಂತು. ಅದರ ಮುಂದಿನ ಸಲ ಹೋದಾಗ ಹಿಂದಿನ ಸೀಟಿನ ಗುರುಚರಣ ಎದ್ದು ಬಂದ. ಅವನಿಗೂ ಕನ್ನಡ ಬರುತ್ತದೆಂದು ಗೊತ್ತಾದದ್ದು ಅಂದೇ.

"ಮಚ್ಚಾ, ಹೀಗೆ ಯಾರಿಗೂ ಹೋಗಲ್ಲ. ಎದ್ದೇಳು, ನಾ ನೋಡ್ತೀನಿ."

"ಬ್ಯಾಡ್ರಿ, ತಾನ ಸರಿ ಆಗ್ತದ."

"ತಾನಾಗಿ ಸರಿಯಾಗೋಕೆ ಇದೇನು ನೆಗಡಿಯಾ?"

ಗುರುಚರಣ ಟೂಲ್ ಅಳಿಸಿ ಮತ್ತೆ ಹಾಕಿದ. ಅದರ ಜೊತೆ ಪ್ರಭುದೇವನ ಎರಡು ದಿನದ ಕೆಲಸವೂ ಅಳಿಯಿತು. ಮ್ಯಾನೇಜರ್ ಬದರಿನಾಥರು ಬಂದು ಲ್ಯಾಪ್‌ಟಾಪಿನ ಗಡಿಯಾರ ಸರಿಯಿದೆಯೇ ನೋಡಿ ಎಂದರು. ಯಾರೋ ಕೀಬೋರ್ಡ್ ಬೋರಲು ಹಾಕಿ ತಟ್ಟಿದರು. ಖಾರದ ಮಿಕ್ಸ್ಚರ್ ಉದುರಿತು. ಹಸೆಮಣೆಯ ಮೇಲೆ ವರ ಮೂರ್ಛೆ ಬಿದ್ದಂತೆ ಜನ ಸೇರಿತು. ಅಷ್ಟು ಜನ ಅವನ ಮೇಜಿಗೆ ಎಂದೂ ಬಂದಿರಲಿಲ್ಲ. ಬಂದವರೆಲ್ಲ ಲ್ಯಾಪ್‌ಟಾಪಿನ ಜೊತೆ ಮಾತಾಡಿದರು.

ಕೊನೆಗೆ ಸೆಕ್ಯುರಿಟಿ ವಿಭಾಗದ ವಿಷ್ಣುತೀರ್ಥರು ಬಂದರು, ಅವರೂ ಕನ್ನಡದವರೇ. ಯಾರು ಯಾವ ಕಮಾಂಡ್ ಹೊಡೆದರು ಎಂಬುದೆಲ್ಲ ಅವರಿಗೆ ಕಾಣುತ್ತದೆ. ಸಂಹಿತಾಳ ಎದುರೇ ಹೇಳಿಬಿಟ್ಟರೆ ಬೆಳಗಿನ ಆ ನಿಮಿಷವೂ ಹೋದಂತೆಯೇ.

"ಹಿಸ್ಟರಿ ನೋಡ್ತೀರೇನ್ರಿ?" ಎಂದ ಪ್ರಭುದೇವ.

"ಅದನ್ನೆಲ್ಲ ನೋಡ್ತಾ ಕೂರೋಕೆ ಯಾರಿಗಪ್ಪಾ ಟೈಮು?" ವಿಷ್ಣುತೀರ್ಥರು ನಾಲ್ಕು ಸಾಲು ಟೈಪ್ ಮಾಡಿ ಎದ್ದರು. "ಆಯ್ತು. ಇನ್ನೊಂದು ವರ್ಷ ನೀವು ಯಾರನ್ನೂ ಕೇಳಬೇಕಾಗಿಲ್ಲ. ಇದಕ್ಕೆ ಸ್ಪೆಷಲ್ ಪರ್ಮಿಷನ್ ಬೇಕು. ಈ ಹುಡುಗಿ ಮಧ್ಯಾಹ್ನದಿಂದ ನನ್ನ ಬೆನ್ನುಬಿದ್ದು ತಗೊಂಡಳು."

ಹುಡುಗಿ ಎಂದರೆ ಸಂಹಿತಾ.

"ಪಾವಂ, ಎಷ್ಟು ಸಲ ಎದ್ದು ಬರ್ತೀರಿ! ನೋಡಿ ನನಗೇ ಕಷ್ಟ ಆಯ್ತು," ಎಂದಳು. "ಇನ್ಮೇಲೆ ಟೆನ್ಷನ್ ಇಲ್ಲ, ಓಕೆವಾ?"

"ಭಾಳ ಉಪಕಾರ ಆಯ್ತ್ರಿ," ಎಂದ ಪ್ರಭುದೇವ.

ಮರುದಿನ ಟೂಲ್ ಒಂದೇ ಏಟಿಗೆ ತೆರೆದುಕೊಂಡಿತು. ಲಾಗ್‌ಔಟ್ ಹೊಡೆದ, ಅದು ತಾನಾಗಿಯೇ ಮತ್ತೆ ಒಳಗೆ ಬಂತು. ಪಕ್ಕದ ಸಾಲಿನಲ್ಲಿ ಸಂಹಿತಾ ಇಯರ್‌ಫೋನ್ ಹಾಕಿಕೊಂಡು ಕೆಲಸದಲ್ಲಿದ್ದಳು.

ಹೋದದ್ದು ಒಟ್ಟು ಇಷ್ಟು: ಎರಡು ದಿನದ ಕೆಲಸ, ದಿನಕ್ಕೊಂದು ನಿಮಿಷ.